ಹತ್ತಿ ತುಂಬಿದ ಹಕ್ಕಿ, ಹನುಮಂತನ ಸಮುದ್ರ

ಕೃಷ್ಣಪ್ಪನಿಗೆ ಈ ವರ್ಷ ಸಮುದ್ರವಿಲ್ಲ. ಹನುಮಂತನಿಗೆ ಇದೆ.

ಇನ್ನೂ ಬೆಳಕು ಹರಿದಿಲ್ಲ. ಜನವರಿಯ ನಾಗಪುರದಲ್ಲಿ ಈ ಹೊತ್ತಿಗೆ ಬಾಯಿ ತೆರೆದರೆ ಹೊಗೆ ಬರುತ್ತದೆ. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಹಿಂದಿನ ಕೋಣೆಯಲ್ಲಿ ಕೃಷ್ಣಪ್ಪ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು ದೀಪದ ಕೆಳಗೆ ಕೂತಿದ್ದಾನೆ. ಎದುರಿನ ಹಲಗೆಯ ಮೇಲೆ ಮೂರು ಮರಳುಗೊರವ ನಿಂತಿವೆ. ಮುಷ್ಟಿಯಷ್ಟು ಗಾತ್ರದ, ಬೂದು ಬೆನ್ನಿನ, ಬಿಳಿ ಹೊಟ್ಟೆಯ ಹಕ್ಕಿಗಳು. ಚಳಿಗಾಲಕ್ಕೆ ಉತ್ತರದ ದೇಶಗಳಿಂದ ಬಂದು ನಮ್ಮ ಕಡಲತೀರದಲ್ಲಿ ಓಡಾಡುವಂಥವು. ಈ ಮೂರು ಓಡಾಟ ಬಿಟ್ಟು ಬಹಳ ವರ್ಷವಾಯಿತು. ಒಳಗೆ ಹತ್ತಿ, ಕಾಲಿನಲ್ಲಿ ತಂತಿ, ಕಣ್ಣಿನ ಜಾಗದಲ್ಲಿ ಕರಿಮಣಿ.

ಒಂದರ ಕಾಲು ಸಡಿಲವಾಗಿದೆ. ಕೃಷ್ಣಪ್ಪ ಇಕ್ಕಳದಿಂದ ತಂತಿ ತಿರುಚುತ್ತಾನೆ, ಎದ್ದ ಗರಿಗೆ ಗೋಂದು ಹಚ್ಚಿ ಕೂರಿಸುತ್ತಾನೆ, ಬಾಯಿಂದ ಮೆಲ್ಲಗೆ ಊದಿ ಮೈ ಸರಿಮಾಡುತ್ತಾನೆ. ನಾಳೆ ಸಂಜೆಯ ಮುಂಬಯಿ ಮೇಲ್‌ನಲ್ಲಿ ಹಕ್ಕಿ ನೋಡುವವರ ಮಂಡಳಿ ಸಮುದ್ರಕ್ಕೆ ಹೊರಡುತ್ತದೆ. ಈ ಮೂರೂ ಹೊರಡುತ್ತವೆ. ರಿಪೇರಿ ಮಾಡಿ ಹನುಮಂತನ ಕೈಗೆ ಒಪ್ಪಿಸಬೇಕೆಂದು ಕೃಷ್ಣಪ್ಪನಿಗೆ ಅಪ್ಪಣೆಯಾಗಿದೆ.

“ಹಕ್ಕಿ ನನ್ನ ಕೈಯಾಗ ಆದವು, ವಿಚಾರಾನೂ ನಂದ,” ಎನ್ನುತ್ತಾನೆ ತಲೆಯೆತ್ತದೆ. “ಹೋಗಾವ ಮಾತ್ರ ಹಣಮ್ಯಾ.”

ಹಣಮ್ಯಾ ಎಂದರೆ ಹನುಮಂತ, ರಸಾಯನಶಾಸ್ತ್ರ ವಿಭಾಗದ ಜವಾನ. ಅಜನಿ ಕಡೆಯ ಚಾಳಿನಲ್ಲಿ ಇವನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಅವನು ಕೆಮ್ಮಿದರೆ ಇವನಿಗೆ ಎಚ್ಚರವಾಗುತ್ತದೆ. ಎರಡು ವರ್ಷದಿಂದ ಅವನು ನಕ್ಕರೂ ಎಚ್ಚರವಾಗುತ್ತದೆ.

ಸಮುದ್ರವಿಲ್ಲ ಎಂಬುದು ನಿನ್ನೆ ಮಧ್ಯಾಹ್ನದ ವರೆಗೆ ಖಚಿತವಾಗಿತ್ತು. ಆಮೇಲೆ ಒಂದು ಸುದ್ದಿ ಬಂತು. ಮಂಡಳಿಯ ಜೊತೆ ಹೊರಡಬೇಕಿದ್ದ ರಾಮದಾಸಪೇಠದ ಡಾಕ್ಟರೊಬ್ಬರಿಗೆ ಜ್ವರ. ಅವರ ಜಾಗ ಖಾಲಿ. ಆಗಿನಿಂದ ಕೃಷ್ಣಪ್ಪನಿಗೆ ಊಟ ಸೇರಿಲ್ಲ. ಜ್ವರ ಇಳಿಯದಿರಲಿ ಎಂದು ಬೇಡಿಕೊಂಡದ್ದನ್ನು ಅವನು ಮುಚ್ಚಿಡುವುದೂ ಇಲ್ಲ. “ಭಾಳ ಅಲ್ಲ, ಮೂರ ದಿನದ ಜ್ವರ. ಆಮ್ಯಾಲೆ ಆರಾಮ ಆಗ್ಲಿ.”

ಕೃಷ್ಣಪ್ಪನ ಬಲಗೈಯ ಮೂರು ಬೆರಳಿಗೆ ಉಗುರು ಸರಿಯಾಗಿ ಬೆಳೆಯುವುದಿಲ್ಲ. ಹಕ್ಕಿಯ ಚರ್ಮಕ್ಕೆ ಹುಳ ಹತ್ತದಂತೆ ಒಳಗಿನಿಂದ ಪಾಷಾಣ ಬೆರೆತ ಸಾಬೂನು ಸವರಬೇಕು. ಆ ಸಾಬೂನು ಹುಳದ ಜೊತೆ ಉಗುರನ್ನೂ ತಿನ್ನುತ್ತದೆ. ಎದೆಯೆಲುಬಿನ ಕೆಳಗೆ ಒಂದು ಸಣ್ಣ ಸೀಳು ಹಾಕಿ, ಒದ್ದೆ ಬನಿಯನ್ ಕಳಚುವ ಹಾಗೆ ಚರ್ಮವನ್ನು ಒಳಮೈ ಹೊರಗೆ ಮಾಡಿ ತಲೆಯ ತನಕ ಬಿಡಿಸಿಕೊಳ್ಳುವುದು, ಮರದ ಹೊಟ್ಟು ಉದುರಿಸಿ ಕೊಬ್ಬು ಹೀರಿಸುವುದು, ಸಾಬೂನು ಸವರಿ ಮತ್ತೆ ಒಳಕ್ಕೆ ಮಗುಚಿ ಹತ್ತಿ ತುಂಬಿ ಹೊಲಿಯುವುದು. ಗುಬ್ಬಿಯಾದರೆ ಎರಡು ಬೀಡಿ ಸೇದುವಷ್ಟು ಹೊತ್ತು ಸಾಕು. ಬಾತುಕೋಳಿಯಾದರೆ ಅರ್ಧ ದಿನ ಬೇಕು. ಕಡಲಹಕ್ಕಿ ಎಲ್ಲಕ್ಕಿಂತ ಕೆಟ್ಟದ್ದು: ಚಳಿಗಾಲದಲ್ಲಿ ಮೈತುಂಬ ಕೊಬ್ಬು, ತಡಮಾಡಿದರೆ ಹೊಟ್ಟೆ ಹಸಿರಾಗಿ ಗರಿ ಉದುರುತ್ತದೆ.

ಕಾಲೇಜಿನ ಕಪಾಟುಗಳಲ್ಲಿ ಇವನು ತುಂಬಿಟ್ಟ ಹಕ್ಕಿಗಳು ಸಾಲಾಗಿ ಅಂಗಾತ ಮಲಗಿವೆ. ಪ್ರತಿಯೊಂದರ ಕಾಲಿಗೂ ಚೀಟಿ. ಚೀಟಿಯಲ್ಲಿ ಹಕ್ಕಿಯ ಹೆಸರು, ಹೊಡೆದ ಊರು, ಹೊಡೆದವರ ಹೆಸರು. ಚರ್ಮ ಬಿಡಿಸಿದವನ ಹೆಸರಿಗೆ ಅಲ್ಲಿ ಜಾಗವಿಲ್ಲ. ಇದರ ಬಗ್ಗೆ ಅವನಿಗೆ ದುಃಖವಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಚೀಟಿಯಲ್ಲಿ ಹನುಮಂತನ ಹೆಸರೂ ಇಲ್ಲವಲ್ಲ, ಅಷ್ಟು ಸಾಕು ಅವನಿಗೆ.

ಕೃಷ್ಣಪ್ಪ ಗದಗಿನ ಹತ್ತಿರದ ಹಳ್ಳಿಯವನು. ರೈಲ್ವೆ ಗ್ಯಾಂಗಿನಲ್ಲಿದ್ದ ಸೋದರಮಾವನ ಬೆನ್ನು ಹತ್ತಿ ನಾಗಪುರಕ್ಕೆ ಬಂದಾಗ ಮೀಸೆ ಮೂಡಿರಲಿಲ್ಲ. ಒಬ್ಬ ಇಂಗ್ಲಿಷ್ ಎಂಜಿನಿಯರನ ಬಂಗಲೆಯ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಕೆಲಸ ಸಿಕ್ಕಿತು. ಸಾಹೇಬನಿಗೆ ಭಾನುವಾರ ಬಂತೆಂದರೆ ಬಂದೂಕು. “ನಾ ಕೋಳಿ ಹಸನ ಮಾಡೂದು ನೋಡಿದ್ದ. ಒಂದಿನ ಕರದು, ಇದನ್ನೂ ಮಾಡು, ಆದರ ತಿನ್ನಾಕ ಅಲ್ಲ, ಇಡಾಕ ಅಂದ. ಮದಲನೇ ಹಕ್ಕಿ ಹರದು ಹಾಕಿದೆ, ಎರಡನೇದೂ ಹರದೆ. ಮೂರನೇದಕ್ಕ ಬೈಲಿಲ್ಲ.” ಸ್ವಾತಂತ್ರ್ಯ ಬಂದ ವರ್ಷ ಸಾಹೇಬ ಹಡಗು ಹತ್ತಿದ. ಹೋಗುವಾಗ ಹಕ್ಕಿಯ ಕಪಾಟುಗಳನ್ನು ಕಾಲೇಜಿಗೆ ಕೊಟ್ಟ. “ಕಪಾಟಿನ ಸಂಗಡ ನನ್ನೂ ಕೊಟ್ಟ,” ಎನ್ನುತ್ತಾನೆ ಕೃಷ್ಣಪ್ಪ. ಕೀಲಿಗೊಂಚಲು ಸಹ ಸಾಹೇಬ ಕೊಟ್ಟದ್ದು ಇವನ ಕೈಗೇ.

ಪ್ರಾಣಿಶಾಸ್ತ್ರದ ಪ್ರೊಫೆಸರ್ ಬಿಂದುಮಾಧವರು ಧಾರವಾಡದವರು. ಹಕ್ಕಿ ನೋಡುವವರ ಮಂಡಳಿಯನ್ನು ಕಟ್ಟಿದವರು ಅವರೇ. ನಾಗಪುರದಲ್ಲಿ ಕೆರೆಗಳಿವೆ, ಕಡಲಿಲ್ಲ. ಆದ್ದರಿಂದ ಪ್ರತಿ ಚಳಿಗಾಲ ಮಂಡಳಿ ರೈಲು ಹತ್ತಿ ಮುಂಬಯಿಗೆ, ಅಲ್ಲಿಂದ ಲಾಂಚು ಹತ್ತಿ ಅಲಿಬಾಗದ ಕೆಳಗಿನ ಒಂದು ಮೀನುಗಾರರ ಹಳ್ಳಿಗೆ ಹೋಗುತ್ತಿತ್ತು. ಆಗಿನ ಮಂಡಳಿಯಲ್ಲಿ ಅರಣ್ಯ ಇಲಾಖೆಯವರು, ಸೆಕ್ರೆಟೇರಿಯಟ್‌ನವರು ಇದ್ದರು. ಅವರು ಹಕ್ಕಿಯನ್ನು ಮೊದಲು ಹೊಡೆದು ಆಮೇಲೆ ನೋಡುವವರು. ಹೊಡೆದದ್ದನ್ನು ಬಿಡಿಸಲು ಕೃಷ್ಣಪ್ಪ ಬೇಕೇ ಬೇಕು. ಹೀಗೆ ಒಂಬತ್ತು ಚಳಿಗಾಲ ಅವನು ಸಮುದ್ರಕ್ಕೆ ಹೋಗಿ ಬಂದ.

ಹೋಗಿ ಬಂದನೇ ಹೊರತು ನೋಡಿದ್ದು ಕಡಿಮೆ. ಬೆಳಿಗ್ಗೆಯೇ ಹಕ್ಕಿಗಳು ಬಂದು ಬೀಳುತ್ತಿದ್ದವು. ಮಂಡಳಿ ಇಳಿದುಕೊಳ್ಳುತ್ತಿದ್ದ ಪಾಟೀಲರ ಮನೆಯ ಹಿತ್ತಲ ಕೋಣೆಯಲ್ಲಿ ಕೂತರೆ ಏಳುವುದು ಬೆಳಕು ಹೋದ ಮೇಲೆ. ಸಮುದ್ರದ ಸದ್ದು ಗೋಡೆಯಾಚೆ ದಿನವೆಲ್ಲ ಕೇಳುತ್ತಿತ್ತು. ಮುಸ್ಸಂಜೆಗೆ ಕೈ ತೊಳೆಯಲು ಹೋದಾಗ ನೀರು ಎಲ್ಲಿರುತ್ತಿತ್ತೋ ಅಲ್ಲೇ ಅದರ ಜಾಗ ಎಂದು ಅವನು ತಿಳಿದಿದ್ದ.

ಆದರೂ ಚಾಳಿನಲ್ಲಿ ಸಮುದ್ರ ಕಂಡವನು ಅವನೊಬ್ಬನೇ. ನೀರಿನ ನಲ್ಲಿಯ ಹತ್ತಿರ ನಿಂತು ಅವನು ಹೇಳಿದರೆ ಉಳಿದವರು ಕೊಡ ತುಂಬುವುದನ್ನು ಮರೆತು ಕೇಳುತ್ತಿದ್ದರು. ಹನುಮಂತನೂ ಕೇಳುತ್ತಿದ್ದ. “ಖರೇನ ಅಣ್ಣಾ, ಆ ಕಡೀ ದಂಡಿ ಕಾಣೂದಿಲ್ಲೇನು?” ಎಂದು ಕೇಳುವವನೇ ಅವನು. ಕೃಷ್ಣಪ್ಪ ಅವನಿಗೆ ಒಣ ಸೀಗಡಿ ತಂದುಕೊಡುತ್ತಿದ್ದ.

೧೯೫೬ರ ನವೆಂಬರಿನಲ್ಲಿ ರಾಜ್ಯಗಳು ಹೊಸದಾಗಿ ವಿಂಗಡವಾದವು. ನಾಗಪುರ ರಾಜಧಾನಿ ಪಟ್ಟ ಕಳೆದುಕೊಂಡಿತು. ಕಚೇರಿಗಳು ಭೋಪಾಲಕ್ಕೆ ಹೊರಟವು. ಕಚೇರಿಯ ಜೊತೆ ಬಂದೂಕಿನವರೂ ಹೋದರು. ಮಂಡಳಿಗೆ ಹೊಸಬರು ಬಂದರು. ಅವರಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿ ವಸುಧಾ ಒಬ್ಬರು. ಮೈಸೂರು ಕಡೆಯವರು, ದೊಡ್ಡ ಕ್ಯಾಮೆರಾ ಇಟ್ಟುಕೊಂಡವರು. ಜೀವಂತ ಹಕ್ಕಿಯನ್ನು ನೋಡೋಣ, ಫೋಟೋ ತೆಗೆಯೋಣ, ಹೊಡೆಯುವುದು ಬೇಡ ಎಂದು ಅವರು ಹೇಳಿದರು. ಒಳ್ಳೆಯ ಮಾತು. ಎಲ್ಲರೂ ಒಪ್ಪಿದರು. ಆ ಒಳ್ಳೆಯ ಮಾತಿನಿಂದ ಯಾರ ಕೆಲಸ ಹೋಗುತ್ತದೆ ಎಂದು ಯೋಚಿಸುವುದು ಯಾರ ಕೆಲಸವೂ ಆಗಿರಲಿಲ್ಲ.

ಆ ಜನವರಿ ಕೃಷ್ಣಪ್ಪ ಎಂದಿನಂತೆ ಕತ್ತರಿ, ಹತ್ತಿ, ಸಾಬೂನಿನ ಡಬ್ಬಿ ಪೆಟ್ಟಿಗೆಗೆ ತುಂಬಿಕೊಂಡು ಪ್ರೊಫೆಸರರ ಬಾಗಿಲಿಗೆ ಹೋಗಿ ನಿಂತ.

“ಈ ಸಲ ಬಂದೂಕಿಲ್ಲೋ ಕೃಷ್ಣಪ್ಪಾ,” ಎಂದರು ಬಿಂದುಮಾಧವರು. “ನೀ ಬಂದು ಏನ್ ಮಾಡ್ತಿ?”

“ಮತ್ತ ಕ್ಯಾಮೆರಾ ಹೊರಾವ್ರು ಯಾರ್ರಿ?”

“ಹನುಮಂತ ಬರ್ತಾನ. ಅವನ ಹೆಗಲು ಗಟ್ಟಿ ಅದ.”

ಹನುಮಂತ ಹಿಂದೆ ಸ್ಟೇಷನ್ನಿನಲ್ಲಿ ಹಮಾಲನಾಗಿದ್ದವನು. ಮೂರುಕಾಲಿನ ಸ್ಟ್ಯಾಂಡು, ಕ್ಯಾಮೆರಾದ ಪೆಟ್ಟಿಗೆ, ಎರಡು ಹಾಸಿಗೆ ಸುರುಳಿ ಒಟ್ಟಿಗೆ ಹೊತ್ತು ಓಡುವಂಥವನು. ಹತ್ತು ದಿನ ಬಿಟ್ಟು ಬಿಸಿಲಿಗೆ ಮೂಗಿನ ಚರ್ಮ ಸುಲಿಸಿಕೊಂಡು ವಾಪಸು ಬಂದ. ನಲ್ಲಿಯ ಹತ್ತಿರ ನಿಂತು ಈ ಸಲ ಅವನು ಹೇಳಿದ, ಕೃಷ್ಣಪ್ಪ ಕೊಡ ತುಂಬಿದ. ಅವನ ಕಥೆಯಲ್ಲಿ ಡಾಲ್ಫಿನ್ ಇತ್ತು, ಏಡಿಯ ಹಿಂಡಿತ್ತು, ದೋಣಿಯಲ್ಲಿ ಕೂತು ಹೋದದ್ದಿತ್ತು. ಒಂಬತ್ತು ಚಳಿಗಾಲದಲ್ಲಿ ಕೃಷ್ಣಪ್ಪ ದೋಣಿ ಹತ್ತಿರಲಿಲ್ಲ.

ಹನುಮಂತನ ಹೆಂಡತಿ ಗಂಗೂಬಾಯಿ ಕೊರಳಲ್ಲಿ ಚಿಪ್ಪಿನ ಸರ ಹಾಕಿಕೊಂಡು ಬಂದು, ಒಣ ಸೀಗಡಿಯ ಪೊಟ್ಟಣ ಇವರ ಹೊಸ್ತಿಲ ಮೇಲಿಟ್ಟು ಹೋದಳು. ಕೃಷ್ಣಪ್ಪ ತಾಟು ಸರಿಸಿದ. ವಾಸನೆ ಬರುತ್ತದೆ ಎಂದ.

“ಅವರು ಕೊಟ್ಟದ್ದಕ್ಕ ವಾಸನಿ,” ಎಂದಳು ಹೆಂಡತಿ ಯಲ್ಲಮ್ಮ. “ಹೋದ ವರ್ಸ ನೀವ ತಂದಾಗ ಬಟ್ಟಲಾ ನೆಕ್ಕಿದ್ರಿ.”

ಆ ವರ್ಷವಿಡೀ ಹನುಮಂತ ಒಂದೇ ಒಂದು ದೂರು ಹೇಳುತ್ತಿದ್ದ: ಹಕ್ಕಿ ಹತ್ತಿರ ಬರುವುದಿಲ್ಲ, ಬಾಯಾರು, ಅಂದರೆ ವಸುಧಾ, ಸಿಟ್ಟಾಗುತ್ತಾರೆ. ತೆಂಗಿನ ಗರಿಯ ಮರೆ ಕಟ್ಟಿ ಒಳಗೆ ಕೂತರೂ ಅವು ದೂರದಲ್ಲೇ ಇಳಿಯುತ್ತವೆ. ಇದನ್ನು ಕೇಳಿ ಕೃಷ್ಣಪ್ಪನಿಗೆ ಊರಿನ ಬೇಟೆಗಾರರು ನೆನಪಾದರು. ಪಂಜರದಲ್ಲಿ ಒಂದು ಕೌಜುಗ ಹಕ್ಕಿ ಇಟ್ಟು, ಅದನ್ನು ನೋಡಿ ಬಂದ ಬೇರೆ ಕೌಜುಗಗಳನ್ನು ಬಲೆಗೆ ಕೆಡವುತ್ತಿದ್ದರು. ದೀವದ ಹಕ್ಕಿ ಎನ್ನುತ್ತಾರೆ ಅದಕ್ಕೆ. ತನ್ನ ಕಪಾಟಿನಲ್ಲಿ ಮರಳುಗೊರವಗಳು ಬಿದ್ದಿವೆ. ಅಂಗಾತ ಮಲಗಿದ್ದನ್ನು ಎಬ್ಬಿಸಿ ಕಾಲಿಗೆ ತಂತಿ ಹಾಕಿ ಮರಳಿನಲ್ಲಿ ನಿಲ್ಲಿಸಿದರೆ ಮೇಲಿನಿಂದ ನೋಡಿದ ಹಕ್ಕಿಗೆ ಏನು ತಿಳಿಯುತ್ತದೆ?

ಪ್ರೊಫೆಸರರು ಕೇಳಿ, “ಮರಳುಗೊರವ ಹೆಚ್ಚಿಗಿದ್ದಾವ. ಅವಷ್ಟ ತಗೊ,” ಎಂದರು. ವಸುಧಾ ಹಿಗ್ಗಿದರು. “ಹಾಗಾದ್ರೆ ಕೃಷ್ಣಪ್ಪನೂ ಬರ್ಲೇಬೇಕು ಸರ್. ಕಾಲು ಕಿತ್ತರೆ ಅಲ್ಲಿ ಯಾರು ಸರಿ ಮಾಡ್ತಾರೆ?” ಆ ಒಂದು ಮಾತಿಗೆ ಕೃಷ್ಣಪ್ಪ ಹದಿನೈದು ದಿನ ನೆಲದ ಮೇಲೆ ನಡೆಯಲಿಲ್ಲ.

ಹಳೆಯ ಚರ್ಮ ಹಪ್ಪಳದಂತೆ ಮುರಿಯುತ್ತದೆ. ಒದ್ದೆ ಹೊಟ್ಟಿನಲ್ಲಿ ಹೂತಿಟ್ಟು, ಕೊಳೆಯದಂತೆ ಕಾರ್ಬಾಲಿಕ್ ಹನಿಸಿ, ಮೆತ್ತಗಾಗುವ ತನಕ ಕಾಯಬೇಕು. ಕಾದ. ಕಣ್ಣಿಗೆ ಇತವಾರಿ ಪೇಟೆಯ ಮಣಿ ಯಾವುದೂ ಸರಿಹೋಗಲಿಲ್ಲ. ಯಲ್ಲಮ್ಮನ ಹಳೆಯ ಕರಿಮಣಿ ಸರ ಗೂಡಿನಲ್ಲಿತ್ತು, ಅಳತೆ ಬರೋಬರ್.

“ಗಂಡ ಜೀವಂತ ಇದ್ದಾನ, ನನ್ನ ಕರಿಮಣಿ ಸತ್ತ ಹಕ್ಕಿ ಕಣ್ಣಿಗಿ ಇಡ್ತೀರೇನು?” ಎಂದು ಅವಳು ಮೊದಲು ಹಾರಾಡಿದಳು. ಆಮೇಲೆ ತಾನೇ ದಾರ ಬಿಚ್ಚಿ ಮಣಿ ಸುರಿದಳು. “ಆ ಗಂಗಿ ಕೊರಳಿನ ಚಿಪ್ಪು ನೋಡಿ ನೋಡಿ ನನ್ನ ಕಣ್ಣು ಸೋತಾವ. ಹೋಗಿ ಬರ್ರಿ.”

ಮರಳುಗೊರವ ಮಾತ್ರ ತೆಗೆದುಕೊಂಡಿದ್ದರೆ ಆಗುತ್ತಿತ್ತು. ಆದರೆ ಒಂದೇ ಬಗೆಯ ಹಕ್ಕಿ ಸಾಲು ನಿಂತರೆ ಅಂಗಡಿಯ ಹಾಗೆ ಕಾಣುತ್ತದೆ ಎನ್ನಿಸಿತು ಅವನಿಗೆ. ಹನುಮಂತ ಬಾಯಿ ತೆರೆದು ನಿಲ್ಲುವಂಥ ಹಿಂಡು ಬೇಕಿತ್ತು. ಕೀಲಿ ಕೈಯಲ್ಲೇ ಇತ್ತು. ಬೇರೆ ಸೆಳೆಪೆಟ್ಟಿಗೆಗಳಿಂದ ಕೆಲವು ಕಡಲಹಕ್ಕಿ ತೆಗೆದ. ಸಾಹೇಬ ಹೊಡೆದ ಏಡಿಗೊರವವನ್ನೂ ತೆಗೆದ. ಬಿಳಿ ಮೈ, ಕಪ್ಪು ರೆಕ್ಕೆ, ಏಡಿ ಒಡೆಯುವ ದಪ್ಪ ಕೊಕ್ಕು. ಇಡೀ ಕಾಲೇಜಿನಲ್ಲಿ ಅಂಥದ್ದು ಅದೊಂದೇ. ಗಾಳಿಗೆ ಚೀಟಿ ಅಲ್ಲಾಡಿದರೆ ಹಕ್ಕಿ ಬೆದರುತ್ತವೆಂದು ಚೀಟಿಗಳನ್ನು ಕತ್ತರಿಸಿ ಬೆಂಕಿಪೊಟ್ಟಣದಲ್ಲಿಟ್ಟ.

ಕಳೆದ ಜನವರಿ, ಆ ಹಳ್ಳಿಯ ತೀರದಲ್ಲಿ, ನಸುಕಿಗೇ ಕೃಷ್ಣಪ್ಪ ಹಕ್ಕಿಗಳನ್ನು ಮರಳಿಗೆ ಊರಿದ. ನೀರು ಎಲ್ಲೋ ದೂರ ಬೆಳ್ಳಗೆ ಮಿನುಗುತ್ತಿತ್ತು. ಮರೆಯ ಒಳಗೆ ವಸುಧಾ, ಕ್ಯಾಮೆರಾ, ಪಕ್ಕದಲ್ಲಿ ಹನುಮಂತ. ಕೃಷ್ಣಪ್ಪ ನುಸುಳಿಕೊಂಡು ಬಂದು ಕೂತಾಗ ಹನುಮಂತ ಬಾಯಿ ತೆರೆದೇ ಇದ್ದ, ಆದರೆ ನಗಲು.

“ಅಣ್ಣಾ, ಎಲ್ಲಾ ಬಾಯಾರ ಕಡೆ ಮಾರಿ ಮಾಡಿ ನಿಂತಾವಲ್ಲೊ. ಮದವಿ ಫೋಟೋಕ್ಕ ಬೀಗರು ನಿಂತಂಗ.”

“ಮತ್ತ ಮುಕಳಿ ತೋರಿಸಿ ನಿಲ್ಲಸ್ಲೇನು?”

“ಖರೇ ಹಕ್ಕಿ ಗಾಳಿಗೆ ಮಾರಿ ಮಾಡಿ ನಿಲ್ತಾವ. ಇಲ್ಲಂದ್ರ ಪುಕ್ಕಾ ಕೆದರ್ತಾವ. ನಾ ಹೋದ ವರ್ಸ ನೋಡೀನಿ.”

ವಸುಧಾ ತಡೆಯಲಾರದೆ ನಕ್ಕುಬಿಟ್ಟರು. “ಅವನು ಹೇಳೋದು ಸರಿ ಕೃಷ್ಣಪ್ಪ. ಬೇಗ ತಿರುಗಿಸಿಬಿಡಿ.” ಗಾಜಿನ ಕಪಾಟಿನಲ್ಲಿ ಹಕ್ಕಿ ನೋಡುಗರಿಗೆ ಮುಖ ಮಾಡಿಯೇ ನಿಲ್ಲಬೇಕು. ಜೀವಮಾನವೆಲ್ಲ ಹಾಗೆಯೇ ನಿಲ್ಲಿಸಿದವನು ಕೃಷ್ಣಪ್ಪ. ಎಲ್ಲರೂ ನೋಡುತ್ತಿದ್ದಂತೆ ಒಂದೊಂದನ್ನೇ ಕಿತ್ತು, ಗಾಳಿಯ ಕಡೆಗೆ ತಿರುಗಿಸಿ ಮತ್ತೆ ಊರಿದ. ಹಿಂದಿನಿಂದ ಹನುಮಂತ “ಇನ್ನ ತುಸು ಎಡಕ್ಕ” ಎನ್ನುತ್ತಿದ್ದ.

ಬಿಸಿಲು ಏರಿದಾಗ ಹಕ್ಕಿಗಳು ಬಂದವು. ಮೊದಲು ಎರಡು ಸುತ್ತು ಹಾಕಿ ಹೋದವು. ಆಮೇಲೆ ಇಡೀ ಗುಂಪು ಒಮ್ಮೆಗೇ ವಾಲಿ ಇಳಿದು, ಹತ್ತಿ ತುಂಬಿದವುಗಳ ನಡುವೆ ಓಡಾಡತೊಡಗಿತು. ಒಂದು ಜೀವಂತ ಗೊರವ ಸತ್ತ ಗೊರವದ ಪಕ್ಕ ನಿಂತು ಒಂದು ಕಾಲು ಹೊಟ್ಟೆಗೆಳೆದುಕೊಂಡು ಕಣ್ಣು ಮುಚ್ಚಿತು. ಕ್ಯಾಮೆರಾ ಮತ್ತೆ ಮತ್ತೆ ಕಿಟುಕು ಕಿಟುಕು ಎಂದಿತು. ವಸುಧಾ ಪಿಸುಗುಟ್ಟಿದರು: “ಕೃಷ್ಣಪ್ಪ, ಇದ್ರಲ್ಲಿ ನಿಮ್ದು ಯಾವ್ದು?”

ಈ ಪ್ರಶ್ನೆಯನ್ನು ಅವನು ಇವತ್ತಿಗೂ ಅವರದೇ ದನಿಯಲ್ಲಿ ಹೇಳಿ ತೋರಿಸುತ್ತಾನೆ. “ಹಣಮ್ಯಾಗ ಕೇಳ್ರಿ ಅನ್ನಬೇಕಂತ ನಾಲಗಿ ತುದಿಗಿ ಬಂದಿತ್ತು.”

ಫೋಟೋ ಮುಗಿಸಿ ವಸುಧಾ ನಾಷ್ಟಾಕ್ಕೆ ಹೋದರು. ಪ್ರೊಫೆಸರರೂ ಉಳಿದವರೂ ಪಾಟೀಲರ ಮನೆಯಲ್ಲಿದ್ದರು. ಹನುಮಂತ ಮರೆಯನ್ನು ಬಿಚ್ಚಿ ಗರಿಗಳನ್ನು ಹೊರೆ ಕಟ್ಟಿದ. ಮೀನುಗಾರರ ಜೊತೆ ಓಡಾಡಿ ಅವರ ಮರಾಠಿ ಮಾತು ಕಲಿತಿದ್ದ. ಉಬ್ಬರಕ್ಕೆ ಅವರ ಹಾಗೆಯೇ ಭರತಿ ಎನ್ನುತ್ತಿದ್ದ.

“ಅಣ್ಣಾ, ಭರತಿ ಬರೂ ಹೊತ್ತಾತು. ಹಕ್ಕಿ ಎತ್ತಿಕೊ, ಜಲ್ದಿ.”

“ಇರ್ಲಿ. ಸಂಜಿ ಬಿಸಲಿಗೆ ಮತ್ತ ಬೇಕಾಗ್ತಾವ.”

“ನೀರು ತೆಂಗಿನ ಬುಡಕ್ಕ ಬರ್ತದೊ. ಹೋದ ವರ್ಸ ನನ್ನ ಒಂದು ಚಪ್ಪಲಿ ಹೋತು.”

“ನಿನ್ನ ಚಪ್ಪಲಿ ಹೋಗಿದ್ದಕ್ಕ ನನ್ನ ಹಕ್ಕಿ ಯಾಕ ಎತ್ತಬೇಕು?” ಕೃಷ್ಣಪ್ಪ ನೀರಿನ ಕಡೆ ನೋಡಿದ. ಅದು ಇನ್ನೂ ಬಹಳ ದೂರವಿತ್ತು. ಮುಸ್ಸಂಜೆಗೆ ಕೈ ತೊಳೆದ ಜಾಗ ಅವನಿಗೆ ಗೊತ್ತಿತ್ತು. ನೀರು ಹೆಚ್ಚು ಕಡಿಮೆ ಆಗುತ್ತದೆ, ಕೆರೆಯಲ್ಲಿ ಆಗುವಷ್ಟು. “ಒಂಬತ್ತು ವರ್ಸ ಬಂದಾವಗ ಒಂದ ವರ್ಸ ಬಂದಾವ ನೀರಿನ ಪಾಠ ಹೇಳ್ತಿಯೇನು?”

“ಪಾಠ ಅಲ್ಲೋ ಮಾರಾಯಾ. ಹೋಗ್ಲಿ, ನಾನ ಎತ್ತಿ ಕೊಡ್ತೀನಿ.”

“ಮುಟ್ಟಿ ನೋಡು.”

ಹನುಮಂತ ಮುಟ್ಟಲಿಲ್ಲ. ಹೊರೆ ಹೊತ್ತು ನಡೆದ. ಬೆಳಿಗ್ಗೆ ಒಂದು ಸಲ ಅವನು ಹೇಳಿದ್ದು ನಿಜವಾಗಿತ್ತು. ಎರಡನೆಯ ಸಲವೂ ನಿಜವಾಗಲು ಬಿಡಬಾರದು ಎನ್ನುವುದಷ್ಟೇ ಆಗ ತನ್ನ ತಲೆಯಲ್ಲಿತ್ತು ಎಂದು ಕೃಷ್ಣಪ್ಪ ಹೇಳುತ್ತಾನೆ. ಅವಲಕ್ಕಿ ತಿಂದು ತೆಂಗಿನ ನೆರಳಲ್ಲಿ ಅಡ್ಡಾದ. ನಸುಕಿಗೆ ಮುಂಚೆ ಎದ್ದವನಿಗೆ ನಿದ್ದೆ ಹತ್ತಿತು.

ಎಚ್ಚರವಾದದ್ದು ಕಾಲು ಒದ್ದೆಯಾಗಿ. ಎದುರಿಗೆ ಮರಳಿರಲಿಲ್ಲ, ಹಕ್ಕಿಯಿರಲಿಲ್ಲ, ನೀರಿತ್ತು. ಆ ನೀರಿನಲ್ಲಿ ಎದೆಮಟ್ಟ ನಿಂತು ಹನುಮಂತ ಏನನ್ನೋ ತಡಕುತ್ತಿದ್ದ. ಹತ್ತಿ ತುಂಬಿದ ಮೈ ತೇಲುತ್ತದೆ, ತೆರೆ ಎಳೆದುಕೊಂಡು ಹೋಗುತ್ತದೆ. ಕೃಷ್ಣಪ್ಪನಿಗೆ ಈಜು ಬಾರದು. ಮೊಣಕಾಲ ತನಕ ಇಳಿದು ನಿಂತ. ಹನುಮಂತ ಬಹಳ ಹೊತ್ತಿನ ಮೇಲೆ ಮೂರು ಹಕ್ಕಿ ಕೈಯಲ್ಲಿ ಹಿಡಿದುಕೊಂಡು ಬಂದ. ತುಟಿ ನೀಲಿಗಟ್ಟಿತ್ತು. ಅವನು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

“ಒಂದ ಮಾತು ಆಡಲಿಲ್ಲ ನನ್ಮಗ,” ಎನ್ನುತ್ತಾನೆ ಕೃಷ್ಣಪ್ಪ. “ನೋಡು ನಾ ಹೇಳಿದ್ನಲ್ಲ ಅಂತ ಅಂದಿದ್ರ ಅಲ್ಲೇ ಜಗಳಾ ಆಗಿ ಮುಗೀತಿತ್ತು. ಸುಮ್ನ ನನ್ನ ಕೈಯಾಗ ಇಟ್ಟು ಹ್ವಾದ. ಈಗ ಎಲ್ಲಾರೂ ಏನಂತಾರ? ಹಣಮಂತ ಉಳಿಸಿದ ಹಕ್ಕಿ ಅಂತಾರ. ಮಾಡಿದಾವ ನಾನು.”

ಯಾವ ಯಾವ ಹಕ್ಕಿ ಬಂದಿದ್ದವೆಂದು ಪ್ರೊಫೆಸರರಿಗೆ ಆಗ ತಿಳಿಯಿತು. ಅವರು ಬೈಯಲಿಲ್ಲ. ನಾಗಪುರಕ್ಕೆ ಮರಳಿದ ಮೇಲೆ ಕೃಷ್ಣಪ್ಪನನ್ನು ಕರೆದು, “ಇನ್ನ ಮ್ಯಾಲೆ ಕೀಲಿ ನನ್ನ ಹತ್ರ ಇರ್ಲಿ,” ಎಂದರು. ಸಾಹೇಬ ಕೊಟ್ಟ ಗೊಂಚಲನ್ನು ಅವನು ಮೇಜಿನ ಮೇಲಿಟ್ಟು ಹೊರಗೆ ಬಂದ. ಈಗ ತನ್ನದೇ ಹಕ್ಕಿಗೆ ಹುಳ ಹತ್ತಿದೆಯೇ ನೋಡಬೇಕಾದರೂ ಕೀಲಿ ಕೇಳಿ ಪಡೆಯಬೇಕು. ಬರುವ ಕೆಲಸವೂ ಕಡಿಮೆ. ಸಂಕ್ರಾಂತಿಯ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕತ್ತರಿಸಿಕೊಂಡ ಗಿಳಿ, ಪಾರಿವಾಳ, ಒಮ್ಮೊಮ್ಮೆ ಒಂದು ನೀಲಕಂಠ. ಉಳಿದ ದಿನ ಗಾಜು ಒರೆಸುತ್ತಾನೆ.

ಇವತ್ತು ಬೆಳಿಗ್ಗೆ ಹತ್ತರ ಹೊತ್ತಿಗೆ ಬಿಂದುಮಾಧವರು ಕೋಣೆಗೆ ಇಣುಕುತ್ತಾರೆ.

“ಹಕ್ಕಿ ಆದವೇನೋ?”

“ಆಗ್ಯಾವ್ರಿ ಸಾಹೇಬ್ರ.” ಕೃಷ್ಣಪ್ಪ ಎದ್ದು ನಿಂತು ಮಫ್ಲರ್ ಬಿಚ್ಚುತ್ತಾನೆ. “ಡಾಕ್ಟರ್ ಸಾಹೇಬ್ರಿಗೆ ಜ್ವರ ಅಂತಲ್ರಿ.”

“ಹೌದು. ಒಂದು ಜಾಗಾ ಖಾಲಿ ಆತು.”

“ಟಿಕೀಟ ಸುಮ್ನ ಹೋಗ್ತದೇನ್ರಿ?”

“ನೋಡೂಣು,” ಎಂದು ಅವರು ಹೋಗುತ್ತಾರೆ.

ನೋಡೂಣು. ಮಧ್ಯಾಹ್ನ ಊಟಕ್ಕೆ ಚಾಳಿಗೆ ಹೋದವನು ಈ ಮಾತನ್ನು ಯಲ್ಲಮ್ಮನ ಮುಂದೆ ಇಟ್ಟು ಅರ್ಥ ಕೇಳುತ್ತಾನೆ. ಇಲ್ಲ ಅನ್ನಬೇಕಿದ್ದರೆ ಇಲ್ಲ ಅನ್ನುತ್ತಿದ್ದರಲ್ಲ ಎನ್ನುತ್ತಾಳೆ ಅವಳು. ಆಗಲೇ ಖಡಕ್ ರೊಟ್ಟಿ ಬಡಿದು ಬಟ್ಟೆಯಲ್ಲಿ ಕಟ್ಟಿಟ್ಟಿದ್ದಾಳೆ. ಅವನ ಕೋಟು ಬಿಸಿಲಿಗೆ ಹಾಕಿದ್ದಾಳೆ, ಗಂಗೂಬಾಯಿಗೆ ಕಾಣುವಂಥ ಜಾಗದಲ್ಲಿ.

ಕೃಷ್ಣಪ್ಪ ಕೋಣೆಗೆ ಮರಳಿ ಕಾಯುತ್ತಾನೆ. ಒರೆಸಿದ ಗಾಜನ್ನೇ ಒರೆಸುತ್ತಾನೆ. ವರಾಂಡದಲ್ಲಿ ಚಪ್ಪಲಿ ಸದ್ದಾದರೆ ಬಾಗಿಲ ಕಡೆ ನೋಡುತ್ತಾನೆ. ನಾಲ್ಕರ ಗಂಟೆಯಾದ ಮೇಲೆ ಬಾಗಿಲಲ್ಲಿ ಹನುಮಂತ ಬಂದು ನಿಲ್ಲುತ್ತಾನೆ. ಕೈಯಲ್ಲಿ ಹುಲ್ಲು ಹಾಸಿದ ರಟ್ಟಿನ ಪೆಟ್ಟಿಗೆ.

“ಅಣ್ಣಾ, ಹಕ್ಕಿ ಕೊಡ್ತಿಯೇನು?”

“ಒಯ್ಯಿ. ನಿಂದ ಅಲ್ಲೇನು ಅವು.”

ಹನುಮಂತ ಅದನ್ನು ಕೇಳಿಸಿಕೊಳ್ಳದವನಂತೆ ಪೆಟ್ಟಿಗೆ ಕೆಳಗಿಡುತ್ತಾನೆ. ಹೋಗದೆ ನಿಲ್ಲುತ್ತಾನೆ. ಕತ್ತು ಕೆರೆದುಕೊಳ್ಳುತ್ತಾನೆ. “ಇನ್ನೊಂದು ಹೇಳಬೇಕಿತ್ತು. ಬ್ಯಾರೆಯವರಿಂದ ತಿಳಿಯೂದು ಬ್ಯಾಡ ಅಂತ ನಾನ ಬಂದೆ. ಡಾಕ್ಟರ್ ಜಾಗಾಕ್ಕ ಗಂಗೀನ ಕರಕೊಂಡು ಬಾ ಅಂದ್ರು.”

“ಯಾರನ್ನ?”

“ಗಂಗೀನ. ಅಡಗಿ ಮಾಡಾಕ. ಬಾಯಾರಿಗೆ ಹೋದ ವರ್ಸ ಪಾಟೀಲರ ಮನೀ ಖಾರಾ ಆಗಿಬರಲಿಲ್ಲಂತ.”

ಕೃಷ್ಣಪ್ಪ ಹಲಗೆಯ ಮೇಲಿನ ಹಕ್ಕಿಗಳನ್ನು ನೋಡುತ್ತಾನೆ. “ಇರು,” ಎನ್ನುತ್ತಾನೆ. “ತಂತಿ ಒಂದ ಸಲ ನೋಡ್ತೀನಿ.” ಒಂದು ಹಕ್ಕಿಯನ್ನು ಕೈಗೆತ್ತಿ ಹೊಟ್ಟೆಯ ಗರಿ ಸರಿಸಿ, ಕಾಲಿನ ತಂತಿ ಮೈಗೆ ಸೇರುವ ಗಂಟಿಗೆ ಇಕ್ಕಳದ ಬಾಯಿ ಹಚ್ಚುತ್ತಾನೆ. ಒಂದೇ ಸಲ ಹಿಂದಕ್ಕೆ ತಿರುಚಿದರೆ ಸಾಕು, ಹೊರಗೆ ಏನೂ ಕಾಣುವುದಿಲ್ಲ. ಮರಳಿಗೆ ಊರಿದ ದಿನ ಎಲ್ಲರ ಎದುರು ಹಕ್ಕಿ ಮೂತಿ ಕೆಳಗಾಗಿ ಬೀಳುತ್ತದೆ. ಇಕ್ಕಳ ಹಾಗೆಯೇ ನಿಲ್ಲುತ್ತದೆ. ಹನುಮಂತ ಕಿಟಕಿಯ ಆಚೆ ನೋಡುತ್ತಿದ್ದಾನೆ.

ಕೃಷ್ಣಪ್ಪ ಗಂಟನ್ನು ಬಿಗಿ ಮಾಡುತ್ತಾನೆ. ಮೂರರದ್ದೂ. ಹತ್ತಿಯ ಹಾಸಿಗೆ ಮಾಡಿ ಪೆಟ್ಟಿಗೆಯಲ್ಲಿ ಮಲಗಿಸಿ ದಾರ ಕಟ್ಟುತ್ತಾನೆ. ಹನುಮಂತ ಹೋದ ಮೇಲೆ ಕೇಳಿದರೆ ಹೇಳುತ್ತಾನೆ: “ಮನಸ್ಸು ಬಂದಿತ್ತು. ಯಾಕ ಸುಳ್ಳ ಹೇಳ್ಲಿ. ಆದರ ಹಕ್ಕಿ ಬಿದ್ರ ಹೆಸರು ನಂದ ಕೆಡ್ತದ, ಅವಂದಲ್ಲ.”

ಸಂಜೆ ಚಾಳಿನಲ್ಲಿ ಗೋಡೆಯಾಚೆ ಟ್ರಂಕು ಎಳೆಯುವ ಸದ್ದು, ಗಂಗೂಬಾಯಿಯ ನಗು. ಯಲ್ಲಮ್ಮ ಕೋಟು ಒಳಗೆ ತಂದು ಮೊಳೆಗೆ ಸಿಗಿಸಿ, ಕಟ್ಟಿಟ್ಟ ರೊಟ್ಟಿಯ ಗಂಟು ಬಿಚ್ಚುತ್ತಾಳೆ. “ಅಕಿ ಅಡಗಿ ನಾ ಉಂಡೀನಿ,” ಎನ್ನುತ್ತಾಳೆ. “ಸಾರಿನಾಗ ಬ್ಯಾಳಿ ಹುಡುಕಬೇಕು. ಬಾಯಾರು ಎರಡ ದಿನಕ್ಕ ಪಾಟೀಲರ ಖಾರಾನ ನೆನಸ್ತಾರ.” ಕೃಷ್ಣಪ್ಪನಿಗೆ ಅಂದು ಮೊದಲ ಸಲ ನಗು ಬರುತ್ತದೆ. ಗಂಡ ಹೆಂಡತಿ ದನಿ ತಗ್ಗಿಸಿ ನಗುತ್ತಾರೆ, ಗೋಡೆ ತೆಳ್ಳಗಿದೆ.

ಮುಂದೆ ಏನಾಗಬೇಕು ಅಂತ ಆಸೆ ಎಂದು ಕೇಳಿದರೆ ಅವನು ರೊಟ್ಟಿ ಮುರಿಯುತ್ತ ಯೋಚಿಸುತ್ತಾನೆ. ಮಂಡಳಿಯ ಯಾವ ಮಾತನ್ನೂ ಅವನು ತಪ್ಪೆನ್ನುವುದಿಲ್ಲ. ಹಕ್ಕಿ ಹೊಡೆಯಬಾರದು, ಸರಿ. ಕೀಲಿ ಪ್ರೊಫೆಸರರ ಹತ್ತಿರ ಇರಲಿ, ಸರಿ. “ನಾ ಹೋಗಬೇಕಂತ ಏನಿಲ್ರಿ ಈಗ. ವಯಸ್ಸಾತು, ಚಳಿ ತಡಿಯೂದಿಲ್ಲ,” ಎನ್ನುತ್ತಾನೆ. “ಒಂದ ವರ್ಸ, ಒಂದ ಸಲ, ಹಣಮ್ಯಾನೂ ಹೋಗಬಾರದು. ಅಷ್ಟ.”

ಕಳೆದ ವರ್ಷ ಆ ತೀರದಲ್ಲಿ ಊರಿದ್ದು ಹದಿನಾಲ್ಕು ಹಕ್ಕಿ. ಸಿಕ್ಕಿದ್ದು ಮೂರು. ಸಿಗದೆ ಹೋದವು ಐದು ಮರಳುಗೊರವ, ಐದು ಬೇರೆ ಕಡಲಹಕ್ಕಿ, ಒಂದು ಏಡಿಗೊರವ.